ಶಹಾಬಾದ್ ಕಲ್ಲಿನ ಮನೆ ಮಾರಾಟಕ್ಕಿದ್ದರೆ

ಸಿಕಂದರಾಬಾದಿನ ಮಾರೇಡ್‌ಪಲ್ಲಿಯ ಒಳರಸ್ತೆಗಳಲ್ಲಿ 1950-60ರ ದಶಕದ ಒಂದೇ ಅಂತಸ್ತಿನ ಮನೆಗಳು ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಅಗಲವಾದ ವರಾಂಡ, ಬಿಸಿಲು ತಡೆಯುವ ಕಾಂಕ್ರೀಟ್ ಸಜ್ಜ, ಗಾಳಿಯಾಡುವ ಜಾಲಿ. ಒಳಗೆ ಕಾಲಿಟ್ಟರೆ ಎಷ್ಟೋ ಕಡೆ ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲಿನ ನೆಲ. 1956ರ ನವೆಂಬರ್ 1ರವರೆಗೆ ಆ ಊರೂ ಈ ಊರೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು.

ಇಂಥ ಮನೆ ಮಾರಾಟಕ್ಕೆ ಬಂದರೆ ಬಿಲ್ಡರ್ ಮೊದಲು ಕೇಳುವುದು ಜಾಗ ಎಷ್ಟು ಗಜ ಎಂದು. ಮನೆ ಲೆಕ್ಕಕ್ಕಿಲ್ಲ. ವಾಸಕ್ಕೆ ಕೊಳ್ಳುವವರು ಮೊದಲು ತಾರಸಿಯನ್ನು ಇಂಜಿನಿಯರಿಗೆ ತೋರಿಸಿ. ಗಟ್ಟಿಯಿದ್ದರೆ ವೈರಿಂಗ್, ಪೈಪು, ಅಡುಗೆಮನೆ, ಬಚ್ಚಲು ಹೊಸದು ಮಾಡಿಸಿ. ನೆಲ ಮಾತ್ರ ಕೀಳಬೇಡಿ, ಪಾಲಿಶ್ ಮಾಡಿಸಿ. ಮೇ ತಿಂಗಳ ಮಧ್ಯಾಹ್ನ ಬರಿಗಾಲಲ್ಲಿ ನಿಂತಾಗ ಆ ಕಲ್ಲಿನ ಬೆಲೆ ತಿಳಿಯುತ್ತದೆ.