ನಗಿ, ಕೈ ಎತ್ತಿ, ಮಾತಾಡಿ

ಇಂಗ್ಲೆಂಡಿನಲ್ಲಿ ಮೈ ಸರಿಯಿಲ್ಲ ಅಂದ್ರೆ ಸೀದಾ ಸ್ಪೆಷಲಿಸ್ಟ್ ಹತ್ರ ಹೋಗೋ ಹಾಗಿಲ್ಲ. ಸಾಮಾನ್ಯವಾಗಿ ಮೊದಲು ಜಿಪಿ, ಅಂದ್ರೆ ನಮ್ಮ ಕಡೆ ಹೇಳೋ ಫ್ಯಾಮಿಲಿ ಡಾಕ್ಟ್ರು. ಒಳಗೆ ಸಿಗೋದು ಸುಮಾರು ಹತ್ತು ನಿಮಿಷ. ಹೊರಗೆ ಕಾಯೋದು ಎಷ್ಟೋ ಸಲ ಅದಕ್ಕಿಂತ ಜಾಸ್ತಿ! ಆ ಹೊತ್ತಿಗೆ ಜೊತೆಯಾಗೋದು ಗೋಡೆಯ ಮೇಲಿನ ಪೋಸ್ಟರುಗಳು ಮತ್ತು ಮೂಲೆಯಲ್ಲಿರೋ ಕರಪತ್ರಗಳು. 2020ರಲ್ಲಿ ಕೋವಿಡ್ ಬಂದಾಗ ಸೋಂಕಿನ ಭಯಕ್ಕೆ ಈ ಕಾಗದಗಳನ್ನೆಲ್ಲ ಎತ್ತಿಟ್ಟಿದ್ರು. ಈಗ ಕೆಲವು ಕಡೆ ವಾಪಸ್ ಬಂದಿವೆ, ಕೆಲವು ಕಡೆ ಟಿವಿ ಪರದೆ, ಕ್ಯೂಆರ್ ಕೋಡ್.

ನಮ್ಮ ಸಾಫ್ಟ್‌ವೇರ್ ಮಂದಿ ಬರೆಯೋ ಮ್ಯಾನ್ಯುಯಲ್‌ಗಳನ್ನ ಯಾರೂ ಓದಲ್ಲ. ಇವನ್ನ ಮಾತ್ರ ಜನ ಓದ್ತಾರೆ. ಕಾರಣ ಸರಳ. ಒಂಬತ್ತರಿಂದ ಹನ್ನೊಂದು ವರ್ಷದ ಮಕ್ಕಳಿಗೂ ಅರ್ಥ ಆಗೋ ಹಾಗೆ ಬರೀಬೇಕು ಅನ್ನೋದು ಎನ್‌ಎಚ್‌ಎಸ್‌ನ ಗುರಿ. ಅದರಲ್ಲಿ ನಮಗೆ ಬೇಕಾದ ವಿಷಯಾನೂ ಇರುತ್ತೆ. ಟೈಪ್ 2 ಡಯಾಬಿಟಿಸ್ ಅಪಾಯ ಬಿಳಿಯರಿಗೆ 40 ದಾಟಿದ ಮೇಲೆ ಹೆಚ್ಚು, ನಮ್ಮಂಥ ದಕ್ಷಿಣ ಏಷ್ಯಾದವರಿಗೆ 25ಕ್ಕೇ ಅಂತ ಎಷ್ಟು ಜನಕ್ಕೆ ಗೊತ್ತು?

ಆದ್ರೆ ಅತ್ಯಂತ ಕೆಲಸಕ್ಕೆ ಬರೋದು ಸ್ಟ್ರೋಕ್ ಪೋಸ್ಟರು. 2009ರಲ್ಲಿ ಇಲ್ಲಿನ ಸರ್ಕಾರ 'ಫಾಸ್ಟ್' ಅನ್ನೋ ಪ್ರಚಾರ ಶುರು ಮಾಡ್ತು. ಫೇಸ್, ಆರ್ಮ್ಸ್, ಸ್ಪೀಚ್, ಟೈಮ್: ನಾಲ್ಕು ಪದದ ಮೊದಲ ಅಕ್ಷರ ಸೇರಿಸಿದ್ರೆ 'ಬೇಗ' ಅನ್ನೋ ಅರ್ಥ. ಮುಖ ಒಂದು ಕಡೆ ಜೋಲಿದ್ಯಾ, ಎರಡೂ ಕೈ ಎತ್ತಿ ಹಿಡಿಯೋಕಾಗುತ್ತಾ, ಮಾತು ತೊದಲುತ್ತಾ? ಒಂದೇ ಒಂದು ಲಕ್ಷಣ ಕಂಡ್ರೂ 999ಕ್ಕೆ ಫೋನ್ ಮಾಡಿ, ಅಷ್ಟೇ.

ಅವಸರ ಯಾಕೆ ಅಂದ್ರೆ, ಮಿದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನ ಕರಗಿಸೋ ಔಷಧಿಯನ್ನ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು.

ನನ್ನ ಸ್ನೇಹಿತನ ತಂದೆ ಹಾಸನದ ಹತ್ತಿರ ಇರೋದು. ಒಂದು ರಾತ್ರಿ ಊಟ ಮಾಡ್ತಾ ಅವರ ಮಾತು ತೊದಲಿತು. "ಸುಸ್ತಾಗಿರಬೇಕು ಕಣ್ರೀ, ಮಲಗಿ, ಬೆಳಿಗ್ಗೆ ನೋಡೋಣ" ಅಂದ್ರಂತೆ ಅವರಮ್ಮ. ಬೆಳಿಗ್ಗೆ ಹೊತ್ತಿಗೆ ಬಲಗೈ ಏಳಲಿಲ್ಲ. ಈಗಲೂ ಎಡಗೈಯಲ್ಲೇ ಊಟ. ಮಗ ಇಲ್ಲಿ ಆ ಪೋಸ್ಟರ್ ಕೆಳಗೆ ಎಷ್ಟು ಸಲ ಕೂತಿದ್ದನೋ! ತಾಯಿಯದೇನೂ ತಪ್ಪಿಲ್ಲ ಬಿಡಿ, ಅವರಿಗೆ ಯಾರೂ ಹೇಳಿರಲಿಲ್ಲ.

ನಮ್ಮ ಜಿಪಿ ಹತ್ರ ಪಂಜಾಬಿ, ಉರ್ದು, ಬಂಗಾಳಿ ಕರಪತ್ರ ನೋಡಿದೀನಿ, ಕನ್ನಡದ್ದು ಕಂಡಿಲ್ಲ. ಇಲ್ಲಿ ನಾವಿರೋದೇ ಕಮ್ಮಿ, ದೂರೋಕಾಗಲ್ಲ. ಅಲ್ಲದೆ 'ಫಾಸ್ಟ್' ಅನ್ನ ಅನುವಾದ ಮಾಡಿದ್ರೆ ಮುಖ, ತೋಳು, ಮಾತು, ಸಮಯ ಅಂತಾಗುತ್ತೆ. ಅರ್ಥ ಸರಿ, ಆದ್ರೆ ಗಾಬರಿಯಲ್ಲಿ ನೆನಪಿಗೆ ಬರುತ್ತಾ? ಊರಿನ ಅಮ್ಮಂದಿರಿಗೆ ಹೇಳೋಕೆ ಬೇಕಾದ್ದು ಪದಗಳಲ್ಲ, ಮಾಡಿಸೋ ಕೆಲಸ. ನನಗೆ ಹೊಳೆದದ್ದು ಇದು:

ನಗಿ. ಕೈ ಎತ್ತಿ. ಮಾತಾಡಿ.

ಮೂರರಲ್ಲಿ ಯಾವುದು ಕೆಟ್ರೂ 108. ಸ್ವಲ್ಪ ಹೊತ್ತಿಗೆ ಸರಿಹೋಯ್ತು ಅಂತ ಅನ್ನಿಸಿದ್ರೂ 108. ಲಕ್ಷಣ ಶುರುವಾದ ಸಮಯ ಗುರುತಿಟ್ಕೊಳ್ಳಿ, ಡಾಕ್ಟ್ರು ಅದನ್ನೇ ಮೊದಲು ಕೇಳೋದು. ಬಾಯಿಗೆ ಕಾಫಿ, ನೀರು, ಮಾತ್ರೆ ಏನೂ ಹಾಕಬೇಡಿ, ನುಂಗೋಕೆ ಆಗದೆ ಇರಬಹುದು.

ಈ ಭಾನುವಾರ ಊರಿಗೆ ಫೋನ್ ಮಾಡಿದಾಗ "ಮಳೆ ಬಂತಾ, ಊಟ ಆಯ್ತಾ" ಜೊತೆಗೆ ಇದನ್ನೂ ಹೇಳಿ. ಕ್ಯಾಲೆಂಡರ್ ಪಕ್ಕ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸೋಕೆ ಹೇಳಿ. ಎರಡು ನಿಮಿಷದ ಕೆಲಸ.