ಸ್ಪೀಕರಿನ ಗುಂಯ್‌ಗುಡಿತ ಎಲ್ಲಿಂದ ಬರುತ್ತದೆ?

ಅಟ್ಟದ ಮೇಲಿದ್ದ ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಹೊರಟವರಿಗೆ ಸಾಮಾನ್ಯವಾಗಿ ಎರಡು ತೊಂದರೆಗಳು ಎದುರಾಗುತ್ತವೆ. ಒಂದು, ಟೇಪು ಓಡುತ್ತಿದ್ದರೂ ಕಂಪ್ಯೂಟರಿನಲ್ಲಿ ಏನೂ ದಾಖಲಾಗುವುದಿಲ್ಲ. ಇನ್ನೊಂದು, ದಾಖಲಾಗುತ್ತದೆ, ಆದರೆ ತಾಳಮದ್ದಳೆಯ ಅರ್ಥಧಾರಿಯ ಮಾತಿನ ಹಿಂದೆ ಉದ್ದಕ್ಕೂ ಗುಂಯ್ ಎಂಬ ಸದ್ದು ಅಂಟಿಕೊಂಡಿರುತ್ತದೆ. ಹೊಸ ಸೌಂಡ್ ಕಾರ್ಡು, ಹೊಸ ಸ್ಪೀಕರು ಕೊಂಡರೂ ಆ ಸದ್ದು ಎಷ್ಟೋ ಸಲ ಹಾಗೇ ಉಳಿಯುತ್ತದೆ. ದೋಷ ಹೆಚ್ಚಾಗಿ ಇರುವುದು ಸಾಧನಗಳನ್ನು ಒಂದಕ್ಕೊಂದು ಮತ್ತು ಮನೆಯ ಕರೆಂಟಿಗೆ ಜೋಡಿಸಿದ ರೀತಿಯಲ್ಲಿ. ಆದ್ದರಿಂದ ದುಡ್ಡು ಖರ್ಚು ಮಾಡುವ ಮೊದಲು ಸದ್ದಿನ ಮೂಲ ಹುಡುಕಬೇಕು.

ಮೊದಲು ಏನೂ ದಾಖಲಾಗದ ತೊಂದರೆ ನೋಡೋಣ. ಡೆಸ್ಕ್‌ಟಾಪ್ ಕಂಪ್ಯೂಟರಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ಮೂರು ಬಣ್ಣದ ತೂತುಗಳಿರುತ್ತವೆ. ಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ, ತಿಳಿನೀಲಿ ಲೈನ್ ಇನ್‌ಗೆ. ಟೇಪ್ ಡೆಕ್ಕಿನಿಂದ ಬರುವ ತಂತಿ ತಿಳಿನೀಲಿಗೇ ಹೋಗಬೇಕು. ಮೈಕಿನಿಂದ ಬರುವುದು ವೋಲ್ಟಿನ ಸಾವಿರದ ಕೆಲವು ಪಾಲು ಮಾತ್ರ. ಡೆಕ್ಕಿನ ಲೈನ್ ಔಟ್ ಸುಮಾರು 0.3 ವೋಲ್ಟ್ ಕೊಡುತ್ತದೆ. ಗುಲಾಬಿ ತೂತಿನ ಒಳಗಿರುವ ವರ್ಧಕ ಆ ಸಣ್ಣ ಸಂಕೇತವನ್ನು ಹಲವು ಪಟ್ಟು ಹಿಗ್ಗಿಸಲೆಂದೇ ಇದೆ. ಡೆಕ್ಕನ್ನು ಅಲ್ಲಿಗೆ ಚುಚ್ಚಿದರೆ ಧ್ವನಿ ಒಡೆದು ಕರಕರ ಎನ್ನುತ್ತದೆ. ಅಲ್ಲದೆ ಅನೇಕ ಮೈಕ್ ತೂತುಗಳು ಮೋನೊ, ಎಡ ಬಲ ಎರಡೂ ಕಿವಿಯ ಸಂಗೀತ ಅಲ್ಲಿ ಒಂದಾಗಿಬಿಡುತ್ತದೆ. ಡೆಕ್ ಇಲ್ಲದೆ ಸಣ್ಣ ಟೇಪ್ ರೆಕಾರ್ಡರ್ ಮಾತ್ರ ಇದ್ದರೆ ಅದರ ಹೆಡ್‌ಫೋನ್ ತೂತಿನಿಂದ ಲೈನ್ ಇನ್‌ಗೆ ತಂತಿ ಎಳೆದು, ವಾಲ್ಯೂಮನ್ನು ಮಧ್ಯಮದಲ್ಲಿಟ್ಟು ಪ್ರಯತ್ನಿಸಬಹುದು.

ಲ್ಯಾಪ್‌ಟಾಪಿನ ಕಥೆ ಬೇರೆ. ಅದರಲ್ಲಿ ಹೆಚ್ಚಾಗಿ ಒಂದೇ ತೂತು. ಮೈಕ್ ಸಹಿತವಾದ ಇಯರ್‌ಫೋನಿನ ಪಿನ್ನನ್ನು ನೋಡಿ, ಅದರ ಮೇಲೆ ಮೂರು ಕಪ್ಪು ಉಂಗುರಗಳಿವೆ, ಅಂದರೆ ನಾಲ್ಕು ಸಂಪರ್ಕಗಳು. ಸಾಧಾರಣ ಸ್ಟೀರಿಯೊ ಪಿನ್ನಿನಲ್ಲಿ ಉಂಗುರ ಎರಡೇ. ಅದನ್ನು ಚುಚ್ಚಿದರೆ ಲ್ಯಾಪ್‌ಟಾಪು ಹೆಡ್‌ಫೋನ್ ಬಂತೆಂದುಕೊಂಡು ಧ್ವನಿಯನ್ನು ಹೊರಗೆ ಕಳಿಸುತ್ತದೆ, ಒಳಗೆ ಏನನ್ನೂ ತೆಗೆದುಕೊಳ್ಳುವುದಿಲ್ಲ. ಇಂಥಲ್ಲಿ ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡೇ ಸರಿಯಾದ ದಾರಿ. ಕೊಳ್ಳುವಾಗ ಲೈನ್ ಇನ್ ಇದೆಯೇ, ಅದು ಸ್ಟೀರಿಯೊವೇ ಎಂದು ಕೇಳಿಯೇ ಕೊಳ್ಳಿ. ಬೆರಳುದ್ದದ ಅಗ್ಗದ ಕಾರ್ಡುಗಳಲ್ಲಿ ಹೆಚ್ಚಾಗಿ ಮೋನೊ ಮೈಕ್ ಮಾತ್ರ ಇರುತ್ತದೆ.

ತಂತಿ ಸರಿಯಿದ್ದೂ ಮೌನವೇ ಆದರೆ ತಂತ್ರಾಂಶದ ಕಡೆ ನೋಡಬೇಕು. ವಿಂಡೋಸ್‌ನಲ್ಲಿ ಸೌಂಡ್ ಸೆಟ್ಟಿಂಗ್ಸ್ ತೆರೆದು ಇನ್‌ಪುಟ್ ಯಾವುದೆಂದು ನೋಡಿ. ವೆಬ್‌ಕ್ಯಾಮಿನ ಮೈಕನ್ನು ಅದು ತಾನೇ ಆರಿಸಿಕೊಂಡಿರುವುದುಂಟು. ಪ್ರೈವೆಸಿ ವಿಭಾಗದಲ್ಲಿ ಆ್ಯಪ್‌ಗಳಿಗೆ ಮೈಕ್ರೊಫೋನ್ ಬಳಸುವ ಅನುಮತಿ ಕೊಟ್ಟಿರಬೇಕು, ಇಲ್ಲದಿದ್ದರೆ ಅಡಾಸಿಟಿಯಂಥ ತಂತ್ರಾಂಶ ನೇರ ಗೆರೆಯನ್ನಷ್ಟೇ ಬರೆಯುತ್ತದೆ. ಲಿನಕ್ಸ್‌ನಲ್ಲಿ ಟರ್ಮಿನಲ್ಲಿನಿಂದ ಆಲ್ಸಾಮಿಕ್ಸರ್ ತೆರೆದು ಎಫ್4 ಒತ್ತಿದರೆ ರೆಕಾರ್ಡಿಂಗಿನ ಭಾಗ ಕಾಣುತ್ತದೆ, ಅಲ್ಲಿ ಕ್ಯಾಪ್ಚರ್ ಆನ್ ಆಗಿರಬೇಕು. ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಗದ್ದಲ ಕಡಿಮೆ ಮಾಡುತ್ತೇವೆನ್ನುವ ಎನ್‌ಹಾನ್ಸ್‌ಮೆಂಟ್ ಸೌಲಭ್ಯಗಳನ್ನೆಲ್ಲ ಆಫ್ ಮಾಡಿಡಿ. ಅವು ಮಾತಿಗಾಗಿ ರೂಪಿಸಿದವು. ಏರಿಳಿತವಿಲ್ಲದ ಸದ್ದೆಲ್ಲ ಅವುಗಳ ಲೆಕ್ಕದಲ್ಲಿ ಗದ್ದಲ, ಹಾಗಾಗಿ ತಂಬೂರಿಯ ಶ್ರುತಿಯನ್ನೇ ಅಳಿಸಿಹಾಕುತ್ತವೆ. ಮಟ್ಟ ಹೊಂದಿಸುವಾಗ ಅತಿ ಜೋರಾದ ಭಾಗವೂ ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಿ. ಸೊನ್ನೆ ಮುಟ್ಟಿ ಕತ್ತರಿಸಿಹೋದ ಅಲೆಯನ್ನು ಆಮೇಲೆ ಮೊದಲಿನಂತೆ ಮಾಡಲಾಗದು.

ಇನ್ನು ಗುಂಯ್‌ಗುಡಿತ. ಹುಡುಕಾಟವನ್ನು ಸ್ಪೀಕರಿನಿಂದ ಆರಂಭಿಸಿ. ಆಡಿಯೊ ತಂತಿಯನ್ನು ಸ್ಪೀಕರಿನ ಕಡೆಯ ತುದಿಯಲ್ಲಿ ಕಿತ್ತುಬಿಡಿ. ಕಂಪ್ಯೂಟರಿನ ಕಡೆ ಕಿತ್ತರೆ ನೇತಾಡುವ ತಂತಿಯೇ ಆಂಟೆನಾ ಆಗಿ ಸದ್ದು ಹಿಡಿಯುತ್ತದೆ, ದಾರಿ ತಪ್ಪಿಸುತ್ತದೆ. ತಂತಿ ಕಿತ್ತ ಮೇಲೂ ಗುಂಯ್ ಎಂದರೆ ದೋಷ ಸ್ಪೀಕರಿನೊಳಗಿನ ಆಂಪ್ಲಿಫೈಯರಿನದು. ಹಳೆಯದಾದರೆ ಫಿಲ್ಟರ್ ಕೆಪಾಸಿಟರ್ ಒಣಗಿರುವ ಸಾಧ್ಯತೆ ಹೆಚ್ಚು, ರಿಪೇರಿ ಅಂಗಡಿಯಲ್ಲಿ ಬದಲಾಯಿಸಿ ಕೊಡುತ್ತಾರೆ. ಸದ್ದು ನಿಂತಿತೇ? ಹಾಗಾದರೆ ಅದೇ ತಂತಿಗೆ ಚಾರ್ಜರಿಗೆ ಹಾಕದ ಒಂದು ಮೊಬೈಲ್ ಜೋಡಿಸಿ ಹಾಡು ಹಾಕಿ. ಶುದ್ಧವಾಗಿ ಕೇಳಿಸಿದರೆ ಸ್ಪೀಕರ್ ಮತ್ತು ತಂತಿ ಎರಡೂ ನಿರಪರಾಧಿಗಳು. ಲ್ಯಾಪ್‌ಟಾಪ್ ಆಗಿದ್ದರೆ ಮುಂದಿನ ಪರೀಕ್ಷೆ ಇನ್ನೂ ಸುಲಭ. ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸಿ. ಗುಂಯ್‌ಗುಡಿತ ತಟ್ಟನೆ ಮಾಯವಾದರೆ ಅದು ಬರುತ್ತಿದ್ದದ್ದು ಚಾರ್ಜರಿನ ದಾರಿಯಲ್ಲಿ. ರೆಕಾರ್ಡಿಂಗ್ ಮುಗಿಯುವವರೆಗೆ ಬ್ಯಾಟರಿಯಲ್ಲೇ ಕೆಲಸ ಮಾಡಿದರೆ ಕಾಸಿಲ್ಲದೆ ಪರಿಹಾರ.

ಆ ದಾರಿ ಯಾವುದೆಂದು ತಿಳಿದರೆ ಉಳಿದದ್ದು ಸುಲಭ. ನಮ್ಮಲ್ಲಿ ಮನೆಗೆ ಬರುವ ವಿದ್ಯುತ್ತು 230 ವೋಲ್ಟಿನದು, ಸೆಕೆಂಡಿಗೆ 50 ಆವರ್ತ. ಕಂಪ್ಯೂಟರು ಒಂದು ಗೋಡೆಯ ಪ್ಲಗ್ಗಿನಲ್ಲಿ, ಆಂಪ್ಲಿಫೈಯರು ಎದುರು ಗೋಡೆಯ ಪ್ಲಗ್ಗಿನಲ್ಲಿ ಇದೆಯೆನ್ನಿ. ಎರಡಕ್ಕೂ ಮೂರು ಪಿನ್ನು, ಎರಡೂ ಅರ್ಥಿಂಗಿಗೆ ಸೇರಿವೆ. ಆದರೆ ಎರಡು ಅರ್ತ್ ಬಿಂದುಗಳ ವೋಲ್ಟೇಜು ಕರಾರುವಾಕ್ಕಾಗಿ ಒಂದೇ ಇರುವುದಿಲ್ಲ, ತುಸು ವ್ಯತ್ಯಾಸವಿರುತ್ತದೆ. ಆಡಿಯೊ ತಂತಿಯ ಹೊರಗಿನ ಜಾಲರಿ ಈ ಎರಡನ್ನೂ ಬೆಸೆಯುತ್ತದೆ. ಮಟ್ಟ ಬೇರೆಯಿರುವ ಎರಡು ಕೆರೆಗಳ ನಡುವೆ ಕಾಲುವೆ ತೋಡಿದರೆ ನೀರು ಹರಿಯುವಂತೆ ಆ ಜಾಲರಿಯಲ್ಲಿ ಸಣ್ಣ ಕರೆಂಟು ಹರಿಯುತ್ತದೆ. ಅದೇ ಜಾಲರಿ ಸಂಗೀತದ ಸಂಕೇತಕ್ಕೂ ಹಿಂದಿರುಗುವ ದಾರಿಯಾದ್ದರಿಂದ 50 ಹರ್ಟ್ಸ್ ಮತ್ತು ಅದರ ಪಟ್ಟುಗಳಾದ 100, 150 ಹರ್ಟ್ಸ್ ಸಂಗೀತದೊಳಗೆ ಬೆರೆಯುತ್ತವೆ. ಇದನ್ನೇ ಗ್ರೌಂಡ್ ಲೂಪ್ ಎನ್ನುತ್ತಾರೆ. ಟಿವಿಯ ಕೇಬಲ್, ಸಭಾಂಗಣದ ಪ್ರೊಜೆಕ್ಟರ್ ಜೋಡಿಸಿದೊಡನೆ ಸದ್ದು ಶುರುವಾಗುವುದಕ್ಕೂ ಹೆಚ್ಚಾಗಿ ಇದೇ ಕಾರಣ.

ಪರಿಹಾರವೆಂದರೆ ಕಂಪ್ಯೂಟರು, ಆಂಪ್ಲಿಫೈಯರು, ಡೆಕ್ಕು ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕುವುದು. ಎಷ್ಟೋ ಮನೆಗಳಲ್ಲಿ ಇಷ್ಟೇ ಸಾಕು. ಸಾಲದಿದ್ದರೆ ಆಡಿಯೊ ತಂತಿಯ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಬಹುದು. ಅದರೊಳಗೆ ಪುಟ್ಟ ಟ್ರಾನ್ಸ್‌ಫಾರ್ಮರುಗಳಿವೆ, ಸಂಗೀತ ಕಾಂತಕ್ಷೇತ್ರದ ಮೂಲಕ ದಾಟುತ್ತದೆ, ತಂತಿಯ ಸಂಪರ್ಕ ಕಡಿದುಹೋಗುತ್ತದೆ. ತೀರ ಅಗ್ಗದವು ತಗ್ಗುಸ್ವರವನ್ನು, ಅಂದರೆ ಮದ್ದಳೆ ಮೃದಂಗಗಳ ಗಂಭೀರ ನಾದವನ್ನು, ಸೊರಗಿಸುತ್ತವೆ. ಆಪ್ಟಿಕಲ್ ಸೌಲಭ್ಯ ಎರಡೂ ಕಡೆ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ತೋಷಿಬಾ 1983ರಲ್ಲಿ ತಂದ ಟಾಸ್‌ಲಿಂಕ್ ತಂತಿಯಲ್ಲಿ ಹರಿಯುವುದು ಬೆಳಕು, ಅಲ್ಲಿ ಗ್ರೌಂಡ್ ಲೂಪಿಗೆ ಜಾಗವೇ ಇಲ್ಲ.

ಆದರೆ ಅರ್ತ್ ಪಿನ್ನನ್ನು ಮಾತ್ರ ಕತ್ತರಿಸಬೇಡಿ, ಎರಡು ಪಿನ್ನಿನ ಅಡಾಪ್ಟರ್ ಹಾಕಿ ತಪ್ಪಿಸಲೂ ಬೇಡಿ. ಹಾಗೆ ಮಾಡಿದರೆ ಗುಂಯ್ ನಿಲ್ಲುವುದು ನಿಜ, ಅದಕ್ಕೇ ಈ ಸಲಹೆ ಬಾಯಿಂದ ಬಾಯಿಗೆ ಹರಡಿದೆ. ಕಂಪ್ಯೂಟರಿನ ಎಸ್‌ಎಂಪಿಎಸ್‌ನಲ್ಲಿ ಫೇಸು ಮತ್ತು ನ್ಯೂಟ್ರಲ್‌ನಿಂದ ಅರ್ತ್‌ಗೆ ಸಣ್ಣ ಕೆಪಾಸಿಟರುಗಳನ್ನು ಜೋಡಿಸಿರುತ್ತಾರೆ. ಅರ್ತ್ ಕಡಿದರೆ ಕ್ಯಾಬಿನೆಟ್ಟಿನ ಮೇಲೆ ಸುಮಾರು ಅರ್ಧದಷ್ಟು, ಅಂದರೆ 115 ವೋಲ್ಟ್ ನಿಲ್ಲುತ್ತದೆ. ಅದರ ಕರೆಂಟು ಅತ್ಯಲ್ಪವಾದ್ದರಿಂದ ಮುಟ್ಟಿದಾಗ ಜುಮ್ ಎನ್ನುತ್ತದೆ, ಅಷ್ಟೆ. ಒಳಗೆ ಫೇಸ್ ತಂತಿ ಕಳಚಿ ಲೋಹಕ್ಕೆ ತಾಗಿದ ದಿನ ಪೂರ್ತಿ 230 ವೋಲ್ಟು ಕ್ಯಾಬಿನೆಟ್ಟಿನ ಮೇಲೆ ಇರುತ್ತದೆ, ಅದನ್ನು ಮುಟ್ಟುವುದು ಮನೆಯ ಮಗುವೂ ಆಗಬಹುದು. ಒಂದು ಸದ್ದಿಗಾಗಿ ಆ ಅಪಾಯ ತಂದುಕೊಳ್ಳಬಾರದು.

ಇದರ ತಿರುಗುಮುರುಗು ತೊಂದರೆಯೂ ನಮ್ಮ ಹಳೆಯ ಮನೆಗಳಲ್ಲಿ ಬಹಳ. ಪ್ಲಗ್ಗಿನಲ್ಲಿ ಮೂರನೆಯ ತೂತಿರುತ್ತದೆ, ಹಿಂದೆ ತಂತಿಯೇ ಇರುವುದಿಲ್ಲ. ಕ್ಯಾಬಿನೆಟ್ಟನ್ನು ಕೈಯಿಂದ ಮುಟ್ಟಿದಾಗ ಜುಮ್ಮೆಂದು, ಸ್ಪೀಕರಿನ ಸದ್ದೂ ಬದಲಾದರೆ ಅರ್ಥಿಂಗಿನ ಮೇಲೆಯೇ ಅನುಮಾನ ಪಡಬೇಕು. ಎಲೆಕ್ಟ್ರಿಷಿಯನ್ ಬಂದು ಮೀಟರಿನಲ್ಲಿ ಅಳೆದಾಗ ಫೇಸ್ ಮತ್ತು ಅರ್ತ್ ನಡುವೆ 230ರ ಆಸುಪಾಸು, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಒಂದೆರಡು ವೋಲ್ಟ್ ತೋರಿಸಬೇಕು. ಇದ್ದಿಲು, ಉಪ್ಪು ತುಂಬಿ ಮಾಡಿದ ಅರ್ತ್ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಅದರ ರೋಧ ಏರುತ್ತದೆ. ಮಾರ್ಚಿನಿಂದ ಮೇವರೆಗೆ ಆಗಾಗ ನೀರು ಹೊಯ್ಯುವ ಹಳೆಯ ರೂಢಿ ವಿಜ್ಞಾನಕ್ಕೆ ಒಪ್ಪುವಂಥದ್ದು.

ಎಲ್ಲ ಸದ್ದೂ ಗುಂಯ್ ಎನ್ನುವುದಿಲ್ಲ. ಮೌಸ್ ಅಲುಗಿಸಿದಾಗ, ಪುಟ ಸರಿಸಿದಾಗ ಚಿರ್ರ್ ಎಂದರೆ ಅದು ಕ್ಯಾಬಿನೆಟ್ಟಿನ ಒಳಗಿನದು. ಮುಂಭಾಗದ ತೂತಿಗೆ ಹೋಗುವ ತೆಳು ತಂತಿ ಮದರ್‌ಬೋರ್ಡಿನ ಉದ್ದಕ್ಕೂ ಹಾದು ಗದ್ದಲ ಹೀರುತ್ತದೆ, ಹಿಂದಿನ ತೂತು ಬಳಸಿ, ಬೇಡದ ಇನ್‌ಪುಟ್‌ಗಳನ್ನು ಮ್ಯೂಟ್ ಮಾಡಿ. ಫ್ಯಾನಿನ ವೇಗ ಕಡಿಮೆ ಮಾಡಿದಾಗ ಝರ್ ಎಂದರೆ ಟ್ರಯಾಕ್ ಇರುವ ರೆಗ್ಯುಲೇಟರಿನ ಕೆಲಸ, ಅದು ವಿದ್ಯುತ್ತಿನ ಅಲೆಯನ್ನು ಅರ್ಧಕ್ಕೇ ಕತ್ತರಿಸುತ್ತದೆ. ಕರೆಂಟು ಹೋಗಿ ಯುಪಿಎಸ್ ಮೇಲೆ ಓಡುವಾಗ ಮಾತ್ರ ಕೇಳಿಸಿದರೆ ಆ ಯುಪಿಎಸ್ ಸೈನ್ ವೇವ್ ಕೊಡುವುದಿಲ್ಲವೆಂದು ಭಾವಿಸಬಹುದು. ಟಿಗ್ ಟಿಗ್ ಟಿಗ್ ಎಂದು ಬಂದು ಹೋಗುವುದು 2ಜಿಯಲ್ಲಿರುವ ಮೊಬೈಲ್, ಅದು ಸೆಕೆಂಡಿಗೆ ಸುಮಾರು 217 ಸಲ ಮಿಡಿಯುತ್ತದೆ. ಒಂದು ಮಾರು ದೂರ ಇಟ್ಟರೆ ಮುಗಿಯಿತು. ಬರೀ ಸುಂಯ್ ಎಂಬ ಉಸಿರಿನಂಥ ಸದ್ದಾದರೆ ಕಂಪ್ಯೂಟರಿನ ವಾಲ್ಯೂಮನ್ನು ಮುಕ್ಕಾಲಿಗಿಂತ ಮೇಲೇರಿಸಿ ಸ್ಪೀಕರಿನ ಗುಂಡಿಯನ್ನು ಇಳಿಸಿ.

ಕೊನೆಗೊಂದು ಪರೀಕ್ಷೆ ಕ್ಯಾಸೆಟ್ಟಿನದು. ರೆಕಾರ್ಡ್ ಒತ್ತಿ, ಟೇಪನ್ನು ಓಡಿಸದೆ ಸುಮ್ಮನೆ ಹತ್ತು ಸೆಕೆಂಡು ದಾಖಲಿಸಿ. ಆ ಮೌನದಲ್ಲೂ ಗುಂಯ್ ಇದ್ದರೆ ಮೇಲೆ ಹೇಳಿದ ಹುಡುಕಾಟ ಇನ್ನೂ ಮುಗಿದಿಲ್ಲ. ಟೇಪು ಓಡಿದಾಗ ಮಾತ್ರ ಬಂದರೆ ಅದು ಅಂದಿನ ಮೈಕಿನವರೇ ಟೇಪಿನಲ್ಲಿ ಹಿಡಿದಿಟ್ಟದ್ದಿರಬಹುದು. ಅದಕ್ಕೆ ಅಡಾಸಿಟಿಯ ನಾಚ್ ಫಿಲ್ಟರ್ ಬಳಸಿ 50, 100, 150 ಹರ್ಟ್ಸ್‌ಗಳನ್ನು ಒಂದೊಂದಾಗಿ ತಗ್ಗಿಸಬಹುದು. ಈ ಕೆಲಸವನ್ನು ಪ್ರತಿಯ ಮೇಲೆ ಮಾಡಿ. ಮೂಲ ದಾಖಲೆಯನ್ನು 44.1 ಕಿಲೋಹರ್ಟ್ಸ್, 16 ಬಿಟ್‌ನ ವೇವ್ ಫೈಲಾಗಿ ಹಾಗೇ ಇಟ್ಟುಕೊಳ್ಳಿ. 60 ನಿಮಿಷದ ಒಂದು ಕ್ಯಾಸೆಟ್ಟಿಗೆ ಸುಮಾರು 635 ಮೆಗಾಬೈಟ್ ಜಾಗ ಸಾಕು.