ಪುರರವಿ ಅಂದ್ರೆ ಊರಲ್ಲ

ಬೇಸಿಗೆಯಲ್ಲಿ ಸೆಕೆ ಯಾಕೆ? ಕಿರುಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನಾನು "ಆಗ ಭೂಮಿಯು ಸೂರ್ಯನ ಹತ್ತಿರ ಬರುತ್ತದೆ" ಎಂದು ಬರೆದೆ. ಎರಡಕ್ಕೆ ಸೊನ್ನೆ ಬಂತು. ಒಲೆ ಹತ್ತಿರ ಕೂತರೆ ಬಿಸಿ, ದೂರ ಕೂತರೆ ತಂಪು, ಇದರಲ್ಲಿ ತಪ್ಪೇನು ಅಂತ ಮೇಷ್ಟ್ರನ್ನು ಕೇಳಿಯೇಬಿಟ್ಟೆ. ಅವರು ಬೈಯಲಿಲ್ಲ. ಬೋರ್ಡಿನ ಮೇಲೆ ಪುರರವಿ, ಅಪರವಿ ಎಂದು ಎರಡು ಪದ ಬರೆದರು.

ಪುರ ಅಂದ್ರೆ ಊರು, ಹಾಗಾದ್ರೆ ಇದು ಸೂರ್ಯನ ಊರು ಅಂದುಕೊಂಡೆ. ಹಾಗಲ್ಲವಂತೆ. ಭೂಮಿ ಸೂರ್ಯನನ್ನು ಸುತ್ತುವ ದಾರಿಗೆ ಕಕ್ಷೆ ಎನ್ನುತ್ತಾರೆ. ಸೂರ್ಯ ಅದರ ನಟ್ಟನಡುವೆ ಇಲ್ಲ, ಸ್ವಲ್ಪ ಪಕ್ಕಕ್ಕೆ ಇದ್ದಾನೆ. ಆ ದಾರಿಯಲ್ಲಿ ಸೂರ್ಯನಿಗೆ ಅತಿ ಹತ್ತಿರದ ಜಾಗವೇ ಪುರರವಿ, ಅತಿ ದೂರದ್ದು ಅಪರವಿ. ಇಂಗ್ಲಿಷಿನಲ್ಲಿ ಪೆರಿಹೀಲಿಯನ್, ಅಫೀಲಿಯನ್. ಗ್ರೀಕ್ ಭಾಷೆಯಲ್ಲಿ ಹೀಲಿಯೋಸ್ ಅಂದ್ರೆ ಸೂರ್ಯ, ಪೆರಿ ಅಂದ್ರೆ ಹತ್ತಿರ, ಅಪೊ ಅಂದ್ರೆ ದೂರ. ಅದಕ್ಕೂ ಹಿಂದಿನವರು ಪೆರಿಜಿ, ಅಪೊಜಿ ಎನ್ನುತ್ತಿದ್ದರು. 'ಜಿ' ಅಂದ್ರೆ ಭೂಮಿ. ಜಿಯಾಗ್ರಫಿಯಲ್ಲಿ ಇರುವುದೂ ಅದೇ. ಭೂಮಿ ನಡುವೆ ನಿಂತಿದೆ, ಸೂರ್ಯನೇ ಸುತ್ತುತ್ತಾನೆ ಎಂದು ಆಗ ನಂಬಿದ್ದರು. ಜರ್ಮನಿಯ ಯೋಹಾನ್ನೆಸ್ ಕೆಪ್ಲರ್ (1571-1630) 'ಜಿ'ಯನ್ನು ತೆಗೆದು ಹೀಲಿಯೋಸನ್ನು ಸೇರಿಸಿದ. ಒಂದು ಪದದಿಂದಲೇ ಭೂಮಿಯನ್ನು ನಡುವಿನಿಂದ ಎಬ್ಬಿಸಿಬಿಟ್ಟ! ಚಂದ್ರ ನಮ್ಮನ್ನೇ ಸುತ್ತುವುದರಿಂದ ಅವನಿಗೆ ಈಗಲೂ ಪೆರಿಜಿಯೇ.

ಈಗ ಆಶ್ಚರ್ಯ ಕೇಳಿ. ಪುರರವಿ ಬರುವುದು ಜನವರಿ 3ರ ಆಸುಪಾಸಿನಲ್ಲಿ! ಆಗ ದೂರ ಸುಮಾರು 14 ಕೋಟಿ 71 ಲಕ್ಷ ಕಿ.ಮೀ. ಜುಲೈ 4ರ ಹೊತ್ತಿಗೆ 15 ಕೋಟಿ 21 ಲಕ್ಷ. ಸಂಕ್ರಾಂತಿಗೆ ಮುಂಚೆ ನಾವು ಬೆಂಕಿ ಹಾಕಿ ಚಳಿ ಕಾಯಿಸುವಾಗ ಸೂರ್ಯ 50 ಲಕ್ಷ ಕಿ.ಮೀ. ಹತ್ತಿರ ಇರ್ತಾನೆ. "ಹತ್ತಿರ ಇದ್ದೂ ಚಳಿ ಬಿಡಿಸದವನು ಎಂಥ ಸೂರ್ಯನೋ" ಅಂದ್ರು ನಮ್ಮಜ್ಜಿ.

ಕಾರಣ ಇಷ್ಟು. ಭೂಮಿ 23.5 ಡಿಗ್ರಿ ವಾಲಿಕೊಂಡಿದೆ. ಜನವರಿಯಲ್ಲಿ ನಾವಿರುವ ಉತ್ತರಾರ್ಧ ಸೂರ್ಯನಿಂದ ಆಚೆಗೆ ವಾಲಿರುತ್ತದೆ. ಬಿಸಿಲು ಓರೆಯಾಗಿ ಬೀಳುತ್ತದೆ, ಹಗಲೂ ಚಿಕ್ಕದು. ಆಗ ಆಸ್ಟ್ರೇಲಿಯಾದಲ್ಲಿ ಬೇಸಿಗೆ. ನಮಗೆ ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಅದಕ್ಕೇ ಸೆಕೆ.

ಹತ್ತಿರ ಇದ್ದಾಗ ಭೂಮಿ ಜೋರಾಗಿಯೂ ಓಡುತ್ತದೆ ಎಂದು ಕೆಪ್ಲರ್ ಕಂಡುಹಿಡಿದ. ಇದನ್ನು ನಾನು ಕ್ಯಾಲೆಂಡರಿನಲ್ಲೇ ಪರೀಕ್ಷೆ ಮಾಡಿದೆ. ಹಗಲು ರಾತ್ರಿ ಹೆಚ್ಚುಕಡಿಮೆ ಸಮ ಇರುವ ಮಾರ್ಚ್ 20ರಿಂದ ಸೆಪ್ಟೆಂಬರ್ 22ಕ್ಕೆ 186 ದಿನ. ಅಲ್ಲಿಂದ ಪುರರವಿ ದಾಟಿ ಮತ್ತೆ ಮಾರ್ಚ್ 20ಕ್ಕೆ ಬರೀ 179! ನಂಬಿಕೆಯಾಗದೆ ಎರಡು ಸಲ ಎಣಿಸಿದೆ. ನೀವೂ ಎಣಿಸಿ ನೋಡಿ.

ನನ್ನ ಸೊನ್ನೆ ಮಾತ್ರ ಹಾಗೇ ಇದೆ.